ಅಮ್ಮನ ಸೆರಗಿನ ಮೈಕು

ಅಪ್ಪನ ಕಿವಿ ಎಷ್ಟು ಮಂದವಾಗಿದೆ ಎಂಬುದು ನಮಗೆ ತಿಳಿದದ್ದು ಊರಿಗೆ ಊರೇ ಮಾಸ್ಕ್ ಹಾಕಿಕೊಂಡ ಕಾಲದಲ್ಲಿ. ಅದಕ್ಕೆ ಮುಂಚೆ ಅವರ ಜೊತೆ ಸ್ವಲ್ಪ ಜೋರಾಗಿ ಮಾತಾಡಬೇಕು ಎಂಬುದಷ್ಟೇ ನಮಗೆ ಗೊತ್ತಿತ್ತು. ಮಾಸ್ಕ್ ಬಂದ ಮೇಲೆ ಅವರು ತರಕಾರಿ ಗಾಡಿಯ ಮುಂದೆ, ಔಷಧಿ ಅಂಗಡಿಯ ಮುಂದೆ ಸುಮ್ಮನೆ ನಿಂತುಬಿಡತೊಡಗಿದರು. ಎದುರಿನವರು ಏನೋ ಕೇಳುತ್ತಿದ್ದರು, ಅಪ್ಪ ನಕ್ಕು ತಲೆಯಾಡಿಸುತ್ತಿದ್ದರು. ಒಂದು ದಿನ ಕೆಮ್ಮಿನ ಸಿರಪ್ಪಿಗೆಂದು ಹೋದವರು ಮಂಡಿಗೆ ಹಚ್ಚುವ ಮುಲಾಮು ಹಿಡಿದುಕೊಂಡು ಬಂದರು. ಇಷ್ಟು ವರ್ಷ ಅಪ್ಪ ನಮ್ಮ ಮಾತನ್ನು ತುಟಿಗಳ ಮೇಲೆ ಓದುತ್ತಿದ್ದರು ಎಂಬುದು ನನಗೆ ಆವತ್ತು ಹೊಳೆಯಿತು.

ಅವರಿಗೆ ಆ ವಿದ್ಯೆ ಬಂದದ್ದು ಮಗ್ಗದ ಶೆಡ್ಡಿನಿಂದ. ಕಾಮಾಕ್ಷಿಪಾಳ್ಯದ ಒಂದು ಓಣಿಯಲ್ಲಿ, ತಗಡಿನ ಮಾಡಿನ ಕೆಳಗೆ, ಅಪ್ಪ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಪವರ್‌ಲೂಮ್ ನಡೆಸಿದರು. ಮೊದಲು ಎರಡು ಮಗ್ಗ, ಆಮೇಲೆ ಆರು. ಆರೂ ಒಟ್ಟಿಗೆ ಓಡುವಾಗ ಒಳಗೆ ಇದ್ದವರ ಎದೆಯೇ ಅದುರುತ್ತಿತ್ತು. ಅಲ್ಲಿ ಯಾರೂ ಬಾಯಿಬಿಟ್ಟು ಮಾತಾಡುತ್ತಿರಲಿಲ್ಲ, ಮಾತಾಡಿದರೂ ಪ್ರಯೋಜನವಿರಲಿಲ್ಲ. ಎರಡು ಬೆರಳು ಎತ್ತಿದರೆ ನೂಲು ಕಿತ್ತುಹೋಗಿದೆ, ಅಂಗೈ ಮಗುಚಿದರೆ ಮಗ್ಗ ನಿಲ್ಲಿಸು, ಗಲ್ಲ ಮುಟ್ಟಿಕೊಂಡರೆ ಕಾಫಿಗೆ ಹೋಗೋಣ. ಉಳಿದದ್ದೆಲ್ಲ ತುಟಿಯಲ್ಲಿ. ಶಾಲೆ ಬಿಟ್ಟ ಮೇಲೆ ನಾನು ಶೆಡ್ಡಿನ ಬಾಗಿಲಲ್ಲಿ ಕೂತು, ಅಷ್ಟೊಂದು ಗದ್ದಲದ ನಡುವೆ ಆ ಗಂಡಸರು ನಿಶ್ಶಬ್ದವಾಗಿ ಹರಟೆ ಹೊಡೆಯುವುದನ್ನು ನೋಡುತ್ತಿದ್ದೆ.

ಶೆಡ್ಡು ಮುಚ್ಚಿದ ಮೇಲೆ ನಾವು ಹೇರೋಹಳ್ಳಿಯಲ್ಲಿ ಮನೆ ಕಟ್ಟಿಸಿದೆವು. ಕೆಳಗೆ ಅಪ್ಪ ಅಮ್ಮ, ಮೇಲೆ ನಾನು ಮತ್ತು ನನ್ನ ಗಂಡ. ನಾನು ರಾಜಾಜಿನಗರದ ಒಂದು ಪಿಯು ಕಾಲೇಜಿನಲ್ಲಿ ಕಂಪ್ಯೂಟರ್ ಸೈನ್ಸ್ ಪಾಠ ಮಾಡುತ್ತೇನೆ. ಬೆಳಿಗ್ಗೆ ಹೊರಡುವಾಗ ಮೆಟ್ಟಿಲಿಳಿಯುತ್ತಿದ್ದ ಹಾಗೇ ಅಮ್ಮನ ಕೂಗು ಕೇಳುತ್ತಿತ್ತು. "ತಿಂಡಿ", "ಮಾತ್ರೆ", "ಗೇಟು", "ಮೋಟ್ರು ಆಫ್ ಮಾಡಿ". ಒಂದೊಂದೇ ಪದ, ಅದೂ ಗಂಟಲು ಹರಿಯುವ ಹಾಗೆ. ಹೊಸಬರು ಯಾರಾದರೂ ಕೇಳಿದ್ದರೆ ಈ ಮನೆಯಲ್ಲಿ ದಿನಾ ಜಗಳ ಎಂದುಕೊಳ್ಳುತ್ತಿದ್ದರು. ನಮಗೆ ಅದು ಅಭ್ಯಾಸವಾಗಿಹೋಗಿತ್ತು.

ಕಿವಿಗೆ ಮಿಷನ್ ಹಾಕಿಸಿಕೊಳ್ಳಿ ಎಂದರೆ ಅಪ್ಪ ಕೈ ಒದರಿಬಿಡುತ್ತಿದ್ದರು. "ನಂಗೆ ಬೇಕಾದ್ದು ನಂಗೆ ಕೇಳ್ಸುತ್ತೆ." ಅವರನ್ನು ಒಪ್ಪಿಸಿದ್ದು ನಾವಲ್ಲ, ಒಂದು ನೀರಿನ ಟ್ಯಾಂಕರ್. ನಮ್ಮ ಬೀದಿಯನ್ನು ಪೈಪಿಗೆಂದು ಅಗೆದು ಅರ್ಧಕ್ಕೆ ಬಿಟ್ಟಿದ್ದರು. ಉಳಿದ ಅರ್ಧದಲ್ಲಿ ಅಪ್ಪ ಹಾಲು ಹಿಡಿದು ನಡೆದು ಬರುತ್ತಿದ್ದಾಗ ಹಿಂದಿನಿಂದ ಟ್ಯಾಂಕರ್ ರಿವರ್ಸ್ ಬಂತು. ಎದುರುಮನೆಯ ಆಂಟಿ ಕೂಗಿದರು, ಡ್ರೈವರ್ ಹಾರ್ನ್ ಹೊಡೆದ. ಅಪ್ಪ ಆರಾಮವಾಗಿ ನಡೆಯುತ್ತಲೇ ಇದ್ದರು. ಕೊನೆಗೆ ಆಂಟಿ ಓಡಿಹೋಗಿ ತೋಳು ಹಿಡಿದೆಳೆದರು. ಹಾಲು ಚೆಲ್ಲಿತು, ಅಪ್ಪನಿಗೆ ಏನೂ ಆಗಲಿಲ್ಲ. ಮನೆಗೆ ಬಂದು ಜಗಲಿಯ ಮೇಲೆ ಕೂತು ಬಹಳ ಹೊತ್ತು ತಮ್ಮ ಚಪ್ಪಲಿಯನ್ನೇ ನೋಡುತ್ತಿದ್ದರು. ಆಮೇಲೆ ನನ್ನನ್ನು ಕರೆದು, "ಆ ಕಿವಿ ಡಾಕ್ಟ್ರು ಎಲ್ಲಿದಾರೆ ಅಂದೆ?" ಎಂದು ಕೇಳಿದರು.

ವಿಜಯನಗರದ ಒಂದು ಚಿಕ್ಕ ಕ್ಲಿನಿಕ್ಕಿನಲ್ಲಿ ಕಿವಿ ಪರೀಕ್ಷೆ ಮಾಡುವ ಹುಡುಗಿಗೆ ಮೂವತ್ತೂ ತುಂಬಿರಲಿಲ್ಲ. ಅಪ್ಪನನ್ನು ಗಾಜಿನ ಕೋಣೆಯಲ್ಲಿ ಕೂರಿಸಿ, ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗಲೆಲ್ಲ ಬಟನ್ ಒತ್ತಲು ಹೇಳಿದಳು. ನಂತರ ಹೊರಗೆ ಕರೆದು ಒಂದು ಗ್ರಾಫ್ ತೋರಿಸಿದಳು. ಗೆರೆ ಎಡಗಡೆ ಮೇಲಿತ್ತು, ಬಲಕ್ಕೆ ಹೋಗುತ್ತ ಬಾವಿಯ ಮೆಟ್ಟಿಲಿನ ಹಾಗೆ ಕೆಳಗೆ ಇಳಿದಿತ್ತು.

"ಅಂಕಲ್, ಇದು ಫ್ರೀಕ್ವೆನ್ಸಿ. ಎಡಗಡೆ ದಪ್ಪ ಶಬ್ದ, ಬಲಗಡೆ ಸಣ್ಣ ಶಬ್ದ. ದಪ್ಪದ್ದು ನಿಮಗೆ ಸುಮಾರಾಗಿ ಕೇಳುತ್ತೆ. ಸಣ್ಣದು ಹೋಗ್ಬಿಟ್ಟಿದೆ. ಸ, ಶ, ತ ಇಂಥ ಅಕ್ಷರಗಳು ಆ ಕಡೆ ಇರ್ತವೆ," ಎಂದು ಅವರ ಮುಖಕ್ಕೆ ಮುಖ ಕೊಟ್ಟು ನಿಧಾನವಾಗಿ ಹೇಳಿದಳು. "ಆಂಟಿ 'ಸೊಪ್ಪು ತನ್ನಿ' ಅಂದ್ರೆ ನಿಮಗೆ 'ಉಪ್ಪು' ಅಂತ ಕೇಳುತ್ತಲ್ವಾ?"

ಅಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ನಮ್ಮ ಅಡುಗೆಮನೆಯಲ್ಲಿ ಒಡೆಯದ ಉಪ್ಪಿನ ಪ್ಯಾಕೆಟ್ಟುಗಳು ಒಂದು ಡಬ್ಬಿ ತುಂಬಾ ಇದ್ದವು. "ಬೇಕಂತ್ಲೇ ಮಾಡ್ತಾರೆ ಅಂದ್ಕೊಂಡಿದ್ದೆ," ಎಂದು ನನ್ನ ಕಡೆ ತಿರುಗಿ ಮೆಲ್ಲಗೆ ಹೇಳಿದಳು. ಅಪ್ಪನಿಗೆ ಅದು ಕೇಳಿಸಲಿಲ್ಲ.

ಒಂದು ವಾರದಲ್ಲಿ ಎರಡು ಮಿಷನ್‌ಗಳು ಬಂದವು, ಕಿವಿಯ ಹಿಂದೆ ಅವಿತುಕೊಳ್ಳುವಂಥವು, ಹುಣಸೆಬೀಜಕ್ಕಿಂತ ಸ್ವಲ್ಪ ದೊಡ್ಡವು. ಅವನ್ನು ಬ್ಲೂಟೂತ್‌ನಲ್ಲಿ ಅಪ್ಪನ ಫೋನಿಗೆ ಜೋಡಿಸಬೇಕಿತ್ತು. ಅದು ನನ್ನ ಕೆಲಸ ಎಂದು ಎಲ್ಲರೂ ತಾವಾಗಿಯೇ ತೀರ್ಮಾನಿಸಿದ್ದರು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಅಪ್ಪನ ಪಕ್ಕ ಕೂತು, "ಈಗ ಪೇರಿಂಗ್ ಮಾಡೋಣ ಅಪ್ಪ," ಎಂದೆ.

"ಪೇರಿಂಗ್ ಅಂದ್ರೇನಮ್ಮಾ?"

ಇಪ್ಪತ್ತು ವರ್ಷದಿಂದ ಪಾಠ ಮಾಡುತ್ತಿರುವವಳು ನಾನು. ನೋಟ್ಸ್‌ನಲ್ಲಿದ್ದ ವ್ಯಾಖ್ಯೆಯನ್ನೇ ಕನ್ನಡಕ್ಕೆ ತಿರುಗಿಸಿ ಹೇಳಿದೆ: ಎರಡು ಸಾಧನಗಳ ನಡುವೆ ವಿಶ್ವಾಸಾರ್ಹ ನಿಸ್ತಂತು ಸಂಪರ್ಕವನ್ನು ಸ್ಥಾಪಿಸುವ ಪ್ರಕ್ರಿಯೆ. ಅಪ್ಪ ನನ್ನ ತುಟಿಯನ್ನೇ ನೋಡುತ್ತಿದ್ದರು. ಮುಗಿದ ಮೇಲೂ ಇನ್ನೇನೋ ಬರಬೇಕು ಎನ್ನುವ ಹಾಗೆ ಕಾದರು.

"ಅಂದ್ರೆ?"

ಈ 'ಅಂದ್ರೆ'ಯನ್ನು ನನ್ನ ತರಗತಿಯಲ್ಲಿ ಯಾವ ವಿದ್ಯಾರ್ಥಿಯೂ ಕೇಳಿರಲಿಲ್ಲ. ಅವರು ಬರೆದುಕೊಳ್ಳುತ್ತಿದ್ದರು, ಪರೀಕ್ಷೆಯಲ್ಲಿ ಹಾಗೇ ವಾಪಸ್ ಕೊಡುತ್ತಿದ್ದರು, ನಾನು ಎರಡು ಅಂಕ ಹಾಕುತ್ತಿದ್ದೆ. ಅಪ್ಪನಿಗೆ ಅಂಕ ಬೇಕಿರಲಿಲ್ಲ. ನಾನು ಸ್ವಲ್ಪ ಯೋಚಿಸಿ ಮತ್ತೆ ಶುರು ಮಾಡಿದೆ.

"ಈ ಬೀದೀಲಿ ಎಲ್ಲರ ಫೋನೂ ಗಾಳಿಯಲ್ಲಿ ಮಾತಾಡ್ತಾನೇ ಇರ್ತವೆ ಅಪ್ಪ. ನಿಮ್ಮ ಮಿಷನ್ನು ಯಾರ ಮಾತು ಕೇಳ್ಬೇಕು? ಎದುರುಮನೆ ಆಂಟಿ ಫೋನಿಂದೂ ಕೇಳಿಸಿಕೊಂಡ್ರೆ ಕಷ್ಟ ಅಲ್ವಾ? ಅದಕ್ಕೇ ಮೊದಲ ಸಲ ಇವೆರಡನ್ನ ಮುಖಾಮುಖಿ ಮಾಡಿಸಿ, ಒಂದು ಗುಟ್ಟಿನ ಗುರುತು ಕೊಟ್ಟುಬಿಡೋದು. ಆಮೇಲೆ ಗುರುತು ಹಿಡಿದು ನಿಮ್ಮ ಫೋನಿನ ಮಾತನ್ನ ಮಾತ್ರ ಮಿಷನ್ನು ಕೇಳುತ್ತೆ."

"ಹಂಗೆ ಹೇಳು. ಶೆಡ್ಡಲ್ಲಿ ನಾವು ಬೆರಳು ಎತ್ತೋದು ಹೊರಗಿನವ್ರಿಗೆ ಎಲ್ಲಿ ಅರ್ಥ ಆಗ್ತಿತ್ತು?" ಎಂದು ಅಪ್ಪ ಮಿಷನ್ನನ್ನು ಕೈಗೆತ್ತಿಕೊಂಡರು.

ಫೋನಿನ ಪರದೆಯ ಮೇಲೆ ಎಡ, ಬಲ ಎಂಬ ಎರಡು ಚಿತ್ರಗಳು ಬಂದವು. ಒತ್ತಿದೆ. ಅಪ್ಪನ ಹುಬ್ಬು ಮೇಲಕ್ಕೆ ಹೋಯಿತು. ಒಳಗಿನ ಕೋಣೆಗೆ ಹೋಗಿ ಅವರ ನಂಬರಿಗೆ ಫೋನ್ ಮಾಡಿ, ಯಾವತ್ತೂ ಮಾಡದ ಹಾಗೆ ಮೆಲ್ಲಗೆ, "ಅಪ್ಪ, ಕೇಳಿಸ್ತಿದ್ಯಾ?" ಎಂದೆ.

"ಕೇಳ್ತಾ ಇದೆ," ಎಂದರು. ಆಮೇಲೆ, "ನಿನ್ನ ಗಂಟ್ಲು ನಿಮ್ಮಜ್ಜಿ ಥರ ಇದೆ," ಎಂದರು. ನನ್ನ ದನಿ ಹೇಗಿದೆ ಎಂಬುದನ್ನೇ ಅವರು ಮರೆತಿದ್ದರು, ಅಥವಾ ನಾನು ದೊಡ್ಡವಳಾದ ಮೇಲೆ ಅದನ್ನು ಕೇಳಿಯೇ ಇರಲಿಲ್ಲ.

ಆವತ್ತಿನಿಂದ ಪದಗಳ ಬೇಟೆ ಶುರುವಾಯಿತು. ಶೆಡ್ಡಿನ ಕಾಲದ ಒಂದು ಹಳೆಯ ಡಿಸೈನ್ ಪುಸ್ತಕ ಅವರಲ್ಲಿತ್ತು, ಚೌಕಳಿ ಹಾಳೆಗಳದ್ದು. ಅದರ ಖಾಲಿ ಪುಟಗಳಲ್ಲಿ ಫೋನಿನ ಪರದೆಯ ಮೇಲೆ ಕಾಣುವ ಪದಗಳನ್ನು ಕನ್ನಡದಲ್ಲಿ ಬರೆದಿಟ್ಟು, ನಾನು ಕಾಲೇಜಿನಿಂದ ಬರುವುದನ್ನೇ ಕಾಯುತ್ತಿದ್ದರು. ಸಿಗ್ನಲ್ ಅಂದರೇನು, ನೆಟ್‌ವರ್ಕ್ ಅಂದರೇನು, ಎರಡೂ ಒಂದೇ ತಾನೇ? ಡೇಟಾ ಮುಗಿಯಿತು ಅಂತಾರಲ್ಲ, ಅದು ಎಲ್ಲಿ ತುಂಬಿಟ್ಟಿರುತ್ತೆ? ವೈಫೈ ಇದ್ದ ಮೇಲೆ ಬ್ಲೂಟೂತ್ ಯಾಕೆ? ನಾನು ಹೇಳಿದ್ದು ಅರ್ಥವಾದರೆ ಪದದ ಮುಂದೆ ತಮ್ಮದೇ ಮಾತಿನಲ್ಲಿ ಬರೆದುಕೊಳ್ಳುತ್ತಿದ್ದರು. ವೈಫೈ: ಇಡೀ ಮನೆಗೆ ಒಂದು ದೀಪ. ಬ್ಲೂಟೂತ್: ಕೈಯಲ್ಲಿ ಹಿಡಿದ ಟಾರ್ಚು. ಅರ್ಥವಾಗದಿದ್ದರೆ ಪೆನ್ಸಿಲ್ ಕೆಳಗಿಡುತ್ತಿದ್ದರು, ನಾನು ಮತ್ತೆ ಮೊದಲಿನಿಂದ ಹೇಳುತ್ತಿದ್ದೆ.

ಡಿಜಿಟಲ್ ಎಂಬ ಪದದ ದಿನ ನಾನು ಸೋತೆ ಎಂದುಕೊಂಡಿದ್ದೆ. ನಮ್ಮ ದನಿಯನ್ನು ಫೋನು ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಾಗಿ ಒಡೆದು ಕಳಿಸುತ್ತೆ, ಆ ಕಡೆ ಮಿಷನ್ನು ಅದನ್ನು ಮತ್ತೆ ದನಿಯಾಗಿ ಜೋಡಿಸುತ್ತೆ ಎಂದೆ. ಎರಡೇ ಅಂಕಿಯಲ್ಲಿ ದನಿ ಹೇಗೆ ಬರುತ್ತೆ ಎಂದು ಅವರು ಕೇಳಿಯೇ ಕೇಳುತ್ತಾರೆ ಎಂದು ಉತ್ತರ ಹುಡುಕುತ್ತಿದ್ದೆ. ಅಪ್ಪ ಎದ್ದುಹೋಗಿ ಮಂಚದ ಕೆಳಗಿನಿಂದ ಒಂದು ಗೋಣಿಚೀಲ ಎಳೆದು ತಂದರು. ಅದರಲ್ಲಿ ಸೀರೆಯ ಸೆರಗಿಗೆ ಹೂ ಎಬ್ಬಿಸುವ ಜಕಾರ್ಡ್ ಮಗ್ಗದ ರಟ್ಟಿನ ಪಟ್ಟಿಗಳಿದ್ದವು, ಮೈತುಂಬ ತೂತುಗಳು.

"ತೂತಿದ್ರೆ ಎಳೆ ಏಳುತ್ತೆ. ಇಲ್ದಿದ್ರೆ ಏಳಲ್ಲ. ಎರಡೇ," ಎಂದರು. "ಇಷ್ಟರಲ್ಲೇ ನವಿಲು ಬರುತ್ತೆ, ಮಾವಿನಕಾಯಿ ಬರುತ್ತೆ, ಆನೆ ಬರುತ್ತೆ. ದನಿ ಯಾಕೆ ಬರಲ್ಲ?"

ಆ ರಟ್ಟುಗಳ ನಡುವೆಯೇ ಬೆಳೆದವಳು ನಾನು. ಕಂಪ್ಯೂಟರಿನ ಇತಿಹಾಸದ ಪಾಠದಲ್ಲಿ ಜಕಾರ್ಡ್ ಎಂಬ ಪದವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಮುಂದಿನ ವಾರ ಆ ಪಟ್ಟಿಗಳಲ್ಲಿ ಎರಡನ್ನು ಬ್ಯಾಗಿನಲ್ಲಿಟ್ಟುಕೊಂಡು ಕಾಲೇಜಿಗೆ ಹೋದೆ. ಅವತ್ತು ಹಿಂದಿನ ಬೆಂಚಿನವರೂ ಎದ್ದು ಮುಂದೆ ಬಂದರು.

ಇಷ್ಟೆಲ್ಲ ಆದರೂ ಮಿಷನ್ನಿನ ಜೊತೆ ಅಪ್ಪನಿಗೆ ಹೊಂದಲಿಲ್ಲ. ಫೋನಿನಲ್ಲಿ ಚೆನ್ನಾಗಿ ಕೇಳುತ್ತಿತ್ತು. ಆದರೆ ಮನೆಯೊಳಗೆ ಬರೀ ಗದ್ದಲ. ಫ್ರಿಜ್ಜು ಗೊರ್ರೆನ್ನುತ್ತದೆ, ಪೇಪರಿನ ಹಾಳೆ ತಿರುಗಿಸಿದರೆ ತಗಡು ಬಿದ್ದ ಹಾಗಾಗುತ್ತದೆ, ಹೊರಗೆ ರಸ್ತೆ ಅಗೆಯುವ ಯಂತ್ರ ತಲೆಯೊಳಗೇ ಅಗೆಯುತ್ತದೆ. ಇವೆಲ್ಲದರ ನಡುವೆ ಅಡುಗೆಮನೆಯಿಂದ ಅಮ್ಮ ಆಡುವ ಮಾತು ಎಲ್ಲೋ ಕಳೆದುಹೋಗುತ್ತದೆ. ಮೂರನೇ ವಾರಕ್ಕೆ ಮಿಷನ್‌ಗಳು ಡಬ್ಬಿ ಸೇರಿದವು, ಅಮ್ಮನ ಕೂಗು ಮತ್ತೆ ಶುರುವಾಯಿತು. ಅಮ್ಮ ಮುಖದಲ್ಲಿ ಏನನ್ನೂ ತೋರಿಸಲಿಲ್ಲ. "ಬಿಡು, ಅವ್ರಿಗೆ ಹಿಂಸೆ ಕೊಡೋದು ಬೇಡ," ಎಂದಳು.

ನಾನು ಮತ್ತೆ ಕ್ಲಿನಿಕ್ಕಿಗೆ ಕರೆದುಕೊಂಡು ಹೋದೆ. ಹುಡುಗಿ ಬೈಯಲಿಲ್ಲ. "ಎಲ್ಲರಿಗೂ ಹೀಗೇ ಆಗುತ್ತೆ ಅಂಕಲ್. ಇಷ್ಟು ವರ್ಷ ಮಿದುಳಿಗೆ ಈ ಶಬ್ದ ಎಲ್ಲ ಮರೆತೇ ಹೋಗಿತ್ತು. ಬೇಕಾದ ಶಬ್ದಕ್ಕೆ ನಾವು ಸಿಗ್ನಲ್ ಅಂತೀವಿ, ಬೇಡದ್ದಕ್ಕೆ ನಾಯ್ಸ್ ಅಂತೀವಿ. ಆಂಟಿ ದೂರದಿಂದ ಮಾತಾಡಿದ್ರೆ ಅವರ ಮಾತು ನಿಮ್ಮ ಹತ್ರ ಬರೋವಷ್ಟರಲ್ಲಿ ಫ್ರಿಜ್ಜಿನ ಸದ್ದು ಅದಕ್ಕಿಂತ ಜೋರಾಗಿರುತ್ತೆ. ಮಿಷನ್ನು ಎರಡನ್ನೂ ಏರಿಸುತ್ತೆ." ಆಮೇಲೆ ಡ್ರಾಯರಿನಿಂದ ಬೆಂಕಿಪೊಟ್ಟಣಕ್ಕಿಂತ ಚಿಕ್ಕದೊಂದು ಕಪ್ಪು ಡಬ್ಬಿ ತೆಗೆದಳು. ಅದಕ್ಕೊಂದು ಕ್ಲಿಪ್ಪಿತ್ತು. "ಇದು ಮೈಕು. ಆಂಟಿ ಇದನ್ನ ಸೆರಗಿಗೆ ಸಿಕ್ಕಿಸಿಕೊಳ್ಳಲಿ. ಅವರ ಬಾಯಿ ಹತ್ತಿರದಿಂದಲೇ ಮಾತನ್ನ ಎತ್ತಿ ನೇರವಾಗಿ ನಿಮ್ಮ ಕಿವಿಗೆ ಕಳಿಸುತ್ತೆ. ಮಧ್ಯದಲ್ಲಿ ಗದ್ದಲ ಸೇರೋಕೆ ಜಾಗವೇ ಇರಲ್ಲ."

ಅಮ್ಮ ಮೊದಲು ನಾಚಿಕೊಂಡಳು. "ಭಾಷಣ ಮಾಡೋರ ಥರ," ಎಂದಳು. ಆದರೂ ಮನೆಗೆ ಬಂದು ಎಡಭುಜದ ಮೇಲೆ, ಸೆರಗಿನ ಪಿನ್ನಿನ ಪಕ್ಕ ಸಿಕ್ಕಿಸಿಕೊಂಡಳು. ಅಡುಗೆಮನೆಗೆ ಹೋಗಿ ಒಗ್ಗರಣೆಗಿಟ್ಟು, ನಮ್ಮ ಕಡೆ ತಿರುಗದೆ, ಅಭ್ಯಾಸಬಲದಿಂದ ತನ್ನಷ್ಟಕ್ಕೆ ತಾನೇ ಹೇಳಿಕೊಂಡಳು: "ಕರಿಬೇವೇ ಇಲ್ವಲ್ಲ."

ಹಾಲಿನಲ್ಲಿ ಕೂತಿದ್ದ ಅಪ್ಪ, "ಹಿತ್ತಲಲ್ಲಿದೆ, ಕಿತ್ಕೊಂಡು ಬರ್ತೀನಿ," ಎಂದು ಎದ್ದರು. ಅಮ್ಮನ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಸಾಸಿವೆ ಸೀದುಹೋಯಿತು.

ಆಮೇಲಿನ ಎರಡು ದಿನ ಅಪ್ಪ ರೇಂಜ್ ಅಳೆದರು. ಅಮ್ಮ ಎಲ್ಲಿ ನಿಂತರೆ ಎಲ್ಲಿಯವರೆಗೆ ಕೇಳುತ್ತದೆ ಎಂದು ಹೆಜ್ಜೆ ಎಣಿಸಿ, ಚೌಕಳಿ ಹಾಳೆಯ ಮೇಲೆ ಮನೆಯ ನಕ್ಷೆ ಬರೆದು ಗುರುತು ಹಾಕಿದರು. ಅಡುಗೆಮನೆಯಿಂದ ಹಾಲಿಗೆ ಸಲೀಸು. ಕಬ್ಬಿಣದ ಬೀರು ಇರುವ ಕೋಣೆಯ ಹಿಂದೆ ಹೋದರೆ ಕಡಿದುಹೋಗುತ್ತದೆ. ಗೇಟಿನ ಹತ್ತಿರ ಕೇಳುತ್ತದೆ, ನೀರಿನ ತೊಟ್ಟಿಯ ಮರೆಗೆ ಹೋದರೆ ಇಲ್ಲ. ತೊಟ್ಟಿಯ ನೀರು ರೇಡಿಯೋ ಅಲೆಯನ್ನು ನುಂಗುತ್ತೆ ಎಂದು ನಾನು ಹೇಳಿದ್ದು ಅವರಿಗೆ ತುಂಬಾ ಹಿಡಿಸಿತು. ಅದನ್ನೂ ಬರೆದುಕೊಂಡರು.

ಆ ವಾರದ ಶನಿವಾರ ಮಧ್ಯಾಹ್ನ ನಾನು ಮೇಲಿನ ಮನೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ. ಅಪ್ಪ ಮೆಟ್ಟಿಲು ಹತ್ತಿ ಬಂದರು. ಮಂಡಿ ನೋವಿನಿಂದಾಗಿ ಅವರು ಮೇಲೆ ಬರುವುದೇ ಅಪರೂಪ. ಕುರ್ಚಿಯಲ್ಲಿ ಕೂತು, ಮಿಷನ್‌ಗಳನ್ನು ಕಿವಿಯಿಂದ ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು.

"ಏನಾಯ್ತು ಅಪ್ಪ? ತಲೆನೋವಾ?" ಎಂದು ತುಟಿ ಬಿಡಿಸಿ ಕೇಳಿದೆ.

"ನಿಮ್ಮಮ್ಮ ಮೈಕು ಹಾಕ್ಕೊಂಡಿರೋದು ಮರೆತು ನಿಮ್ಮ ಚಿಕ್ಕಮ್ಮನ ಹತ್ರ ಫೋನಲ್ಲಿ ಮಾತಾಡ್ತಿದ್ಲು," ಎಂದರು. "ನಾನು ವರಾಂಡದಲ್ಲಿದ್ದೆ. ಮೊದಲು ಮಿಷನ್ ತೆಗೀಬೇಕು ಅಂದ್ಕೊಂಡೆ. ತೆಗೀಲಿಲ್ಲ."

ಅಮ್ಮ ತನ್ನ ತಂಗಿಗೆ ಹೇಳಿದ್ದನ್ನು ಅಪ್ಪ ನನಗೆ ಹೇಳಿದರು, ಅಮ್ಮನ ಮಾತಿನಲ್ಲೇ. "ಯಾವ ಮಾತಾದ್ರೂ ನಾಲ್ಕು ಸಲ ಕೂಗಿ ಹೇಳ್ಬೇಕು ಕಣೇ. ಹಂಗೆ ಕೂಗಿ ಹೇಳೋಂಥ ಮಾತು ದಿನಕ್ಕೆ ಎಷ್ಟಿರ್ತವೆ ಹೇಳು. ಊಟ, ಮಾತ್ರೆ, ಬಾಗ್ಲು. ಮಿಕ್ಕಿದ್ದೆಲ್ಲ ನಾನೇ ನುಂಗ್ಕೊಂಡ್‌ಬಿಡ್ತೀನಿ. ಬೆಳಿಗ್ಗೆ ಗುಬ್ಬಿ ಬಂದಿತ್ತು ಅಂತ ಯಾರಾದ್ರೂ ಕೂಗಿ ಹೇಳ್ತಾರಾ?"

ಅಪ್ಪ ಇನ್ನೊಂದು ವಿಷಯವನ್ನೂ ಹೇಳಿದರು. ಅಮ್ಮನ ಎಡಗಣ್ಣು ಮಂಜಾಗಿ ತುಂಬಾ ದಿನವಾಗಿತ್ತು. ಅಕ್ಕಿಯಲ್ಲಿ ಕಲ್ಲು ಕಾಣುತ್ತಿರಲಿಲ್ಲ, ಮೆಟ್ಟಿಲಿಳಿಯುವಾಗ ಭಯವಾಗುತ್ತಿತ್ತು. ಗಂಡನಿಗೆ ಕೂಗಿ ವಿವರಿಸುವುದಕ್ಕೆ ಶಕ್ತಿಯಿಲ್ಲ, ಮಗಳಿಗೆ ಕಾಲೇಜಿನ ಕೆಲಸವೇ ಸಾಕಾಗಿದೆ, ಹೀಗೇ ನಡೆಯಲಿ ಎಂದು ತಂಗಿಗೆ ಹೇಳಿದ್ದಳು.

ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ಕೆಳಗಿಟ್ಟೆ. ಒಂದೇ ಮನೆಯ ಮೇಲೆ ಕೆಳಗೆ ಇದ್ದುಕೊಂಡು ನನಗೂ ಇದು ಕಂಡಿರಲಿಲ್ಲ. ಅಪ್ಪನಿಗಾದರೆ ಕಿವಿ ಇರಲಿಲ್ಲ. ನನಗೆ ಏನಾಗಿತ್ತು?

"ಅವ್ಳಿಗೆ ಹೇಳ್ಬೇಡ ನಾನು ಕೇಳಿಸ್ಕೊಂಡೆ ಅಂತ," ಎಂದರು ಅಪ್ಪ. "ಕಣ್ಣಿನ ಡಾಕ್ಟ್ರಿಗೆ ಮೊದಲು ತೋರ್ಸೋಣ. ಆಮೇಲೆ ನಾನೇ ಹೇಳ್ತೀನಿ."

ಸೋಮವಾರ ಅಪ್ಪ ತಮ್ಮ ಕನ್ನಡಕ ಬದಲಾಯಿಸಬೇಕು ಎಂದು ನೆಪ ಹೇಳಿ ಅಮ್ಮನನ್ನೂ ಜೊತೆಗೆ ಬಸವೇಶ್ವರನಗರದ ಕಣ್ಣಿನ ಆಸ್ಪತ್ರೆಗೆ ಹೊರಡಿಸಿದರು. ನಾನು ರಜೆ ಹಾಕಿ ಜೊತೆಗೆ ಹೋದೆ. ಅಲ್ಲಿ ಅಪ್ಪ, "ಬಂದಿದೀವಲ್ಲ, ನೀನೂ ತೋರ್ಸ್ಕೋ," ಎಂದರು. ಡಾಕ್ಟರು ನೋಡಿ, ಎಡಗಣ್ಣಿನಲ್ಲಿ ಪೊರೆ ಚೆನ್ನಾಗಿ ಬಲಿತಿದೆ, ಆಪರೇಷನ್ ಮಾಡಿದರೆ ಸಲೀಸಾಗಿ ಸರಿಹೋಗುತ್ತದೆ, ಬಲಗಣ್ಣಿಗೆ ಇನ್ನೂ ಸಮಯವಿದೆ ಎಂದರು. ಅಮ್ಮ ನಮ್ಮಿಬ್ಬರ ಮುಖವನ್ನೂ ಒಂದೊಂದಾಗಿ ನೋಡಿದಳು. ನಾನು ಗೋಡೆಯ ಮೇಲಿನ ಅಕ್ಷರಗಳ ಚಾರ್ಟನ್ನು ಓದುತ್ತಿದ್ದವಳ ಹಾಗೆ ನಿಂತೆ.

ಅವಳಿಗೆ ಅನುಮಾನ ಬರದೇ ಇರುತ್ತದೆಯೇ? ಮನೆಯೊಳಗೆ ಕಾಲಿಟ್ಟವಳೇ ಮೈಕನ್ನು ಸೆರಗಿನಿಂದ ತೆಗೆದು ಮೇಜಿನ ಮೇಲಿಟ್ಟಳು.

"ಇದ್ರಲ್ಲಿ ಕೇಳಿಸ್ಕೊಂಡ್ರಿ ಅಲ್ವಾ?"

ಅಪ್ಪ ತಪ್ಪಿಸಿಕೊಳ್ಳಲಿಲ್ಲ. "ಹೌದು."

"ಕದ್ದು ಕೇಳಿಸ್ಕೊಂಡ್ರಿ."

"ಹೌದು. ತಪ್ಪು ನಂದು."

ಅಮ್ಮನಿಗೆ ಅಳುವೂ ಬಂದಿತ್ತು, ಕೋಪವೂ ಬಂದಿತ್ತು. "ನನ್ನ ತಂಗಿ ಹತ್ರ ನಾನು ಆಡೋ ಮಾತು ಅದು. ಅದನ್ನೂ ನೀವು ತಗೊಂಡ್ರೆ ನಂಗೆ ಅಂತ ಏನುಳೀತು?" ಎಂದಳು. ಕೂಗಲಿಲ್ಲ, ಸಹಜವಾದ ದನಿಯಲ್ಲೇ ಹೇಳಿದಳು. ಮೈಕು ಮೇಜಿನ ಮೇಲೆಯೇ ಅವರಿಬ್ಬರ ನಡುವೆ ಇತ್ತು, ಇನ್ನೂ ಆನ್ ಆಗಿತ್ತು. ಒಂದು ಅಕ್ಷರವೂ ಕಳೆದುಹೋಗದೆ ಅಪ್ಪನಿಗೆ ಎಲ್ಲವೂ ಕೇಳಿಸಿತು.

ಅಪ್ಪ ಮೈಕನ್ನು ಕೈಗೆ ತೆಗೆದುಕೊಂಡು ಅದರ ಪಕ್ಕದಲ್ಲಿದ್ದ ಸಾಸಿವೆಯಷ್ಟು ಚಿಕ್ಕ ಬಟನ್ನನ್ನು ಅಮ್ಮನಿಗೆ ತೋರಿಸಿದರು. ಅಮ್ಮನಿಗೆ ಕಾಣಲಿಲ್ಲ. ಅವಳ ಬೆರಳನ್ನು ಹಿಡಿದು ಅದರ ಮೇಲಿಟ್ಟು ಮುಟ್ಟಿಸಿದರು.

"ಇದಕ್ಕೆ ಮ್ಯೂಟ್ ಅಂತಾರೆ. ಒಂದ್ಸಲ ಒತ್ತು. ಕೆಂಪು ದೀಪ ಬಂತು ಅಂದ್ರೆ ನನ್ನ ಕಿವಿ ಮುಚ್ಚಿತು ಅಂತ. ಮತ್ತೆ ಒತ್ತಿದ್ರೆ ಹಸಿರು. ಒತ್ತೋದು ಬಿಡೋದು ಎಲ್ಲ ನಿನ್ನ ಕೈಲಿ. ನನ್ನ ಹತ್ರ ಇದಕ್ಕೆ ಬಟನ್ ಇಲ್ಲ."

ಅಮ್ಮ ಒತ್ತಿದಳು. ಕೆಂಪು ಬಂತು. ಅಪ್ಪನ ಬೆನ್ನ ಹಿಂದೆ ಹೋಗಿ, ಅವರಿಗೆ ಕೇಳಿಸದಷ್ಟು ಮೆಲ್ಲಗೆ ಏನೋ ಹೇಳಿದಳು. ಅಪ್ಪ ಕದಲಲಿಲ್ಲ. ಇನ್ನೊಮ್ಮೆ ಹೇಳಿದಳು, ಈ ಸಲ ನನಗೆ ಕೇಳಿಸಿತು, ಇಲ್ಲಿ ಬರೆಯುವಂಥದ್ದಲ್ಲ. ನಾನು ನಕ್ಕುಬಿಟ್ಟೆ. ಅಪ್ಪ ತಿರುಗಿ ನೋಡಿ, "ಏನಂದ್ಲು?" ಎಂದರು. ನಾನು ಹೇಳಲಿಲ್ಲ. ಅಮ್ಮನ ಮುಖ ಸ್ವಲ್ಪ ಸಡಿಲವಾಯಿತು.

ಸಿಟ್ಟು ಅವತ್ತೇ ಇಳಿಯಲಿಲ್ಲ. ಮೂರು ದಿನ ಕೆಂಪು ದೀಪವೇ ಉರಿಯಿತು. ಹಸಿರು ಮಾಡು ಎಂದು ಅಪ್ಪ ಕೇಳಲಿಲ್ಲ, ಒತ್ತಾಯಿಸಲೂ ಇಲ್ಲ. ನಾಲ್ಕನೇ ದಿನ ಬೆಳಿಗ್ಗೆ ಅವರು ಹಾಲಿನಲ್ಲಿ ಪೇಪರ್ ಓದುತ್ತಿದ್ದಾಗ ಅಮ್ಮ ಹಿತ್ತಲಿನಿಂದ, "ಗುಬ್ಬಿ ಬಂದಿದೆ, ಎರಡಿದಾವೆ," ಎಂದಳಂತೆ. ಅಪ್ಪ ಪೇಪರ್ ಮಡಿಸಿಟ್ಟು ಎದ್ದುಹೋದರು. ಇದನ್ನು ಇಬ್ಬರೂ ನನಗೆ ಬೇರೆ ಬೇರೆಯಾಗಿ ಹೇಳಿದರು.

ಅಮ್ಮನ ಕಣ್ಣಿನ ಆಪರೇಷನ್ ಮುಂದಿನ ತಿಂಗಳು ಆಯಿತು. ಒಳಗೆ ಹೋಗಿ ಬರಲು ಒಂದು ಗಂಟೆಯೂ ಹಿಡಿಯಲಿಲ್ಲ. ಕಪ್ಪು ಕನ್ನಡಕ ಹಾಕಿಕೊಂಡಿದ್ದ ಅಮ್ಮನ ಕೈ ಹಿಡಿದು ಅಪ್ಪ ಆಟೋ ಹತ್ತಿಸಿದರು. ಒಂದು ವಾರ ಅಡುಗೆಮನೆ ಅಪ್ಪನದು. ಅಮ್ಮ ಕೋಣೆಯಲ್ಲಿ ಮಲಗಿಕೊಂಡೇ ಮೈಕಿನಲ್ಲಿ ಅಡುಗೆ ಹೇಳಿಕೊಟ್ಟಳು. "ಹುಳಿ ಈಗ್ಲೇ ಹಾಕ್ಬೇಡಿ. ಬೇಳೆ ಬೆಂದಿದ್ಯಾ ನೋಡಿ. ಬೆಂದಿಲ್ಲ ಅಂದ್ರೆ ಇನ್ನೊಂದು ಕೂಗು ಬರ್ಲಿ." ಅಪ್ಪ ಒಲೆಯ ಮುಂದೆ ನಿಂತು, "ಹೂಂ," "ಆಯ್ತು," "ಇನ್ನೆಷ್ಟು ಹೊತ್ತು?" ಎನ್ನುತ್ತಿದ್ದರು. ಸಾರಿಗೆ ಉಪ್ಪು ಜಾಸ್ತಿಯಾದ ದಿನ ಯಾರೂ ಬಾಯಿಬಿಡಲಿಲ್ಲ. ಅಮ್ಮ ಕಪ್ಪು ಕನ್ನಡಕ ತೆಗೆದ ಮರುದಿನ ಅವಳು ಜಗಲಿಗೆ ಬಂದು ಬೀದಿಯ ಉದ್ದಕ್ಕೂ ನೋಡಿ, ಎದುರುಮನೆಯ ಬಾಗಿಲಿಗೆ ಯಾವಾಗ ನೀಲಿ ಬಣ್ಣ ಹೊಡೆದರು ಎಂದು ಕೇಳಿದಳು. ಹೊಡೆದು ವರ್ಷವಾಗಿತ್ತು.

ಆ ಮನೆಯ ಆಂಟಿ ಒಂದು ಸಂಜೆ ನನ್ನನ್ನು ಗೇಟಿನ ಹತ್ತಿರ ನಿಲ್ಲಿಸಿದರು. "ನಿಮ್ಮಮ್ಮ ಊರಿಗೆ ಹೋಗಿದಾರಾ? ದನೀನೇ ಕೇಳ್ತಿಲ್ವಲ್ಲ," ಎಂದರು. ಇಲ್ಲ ಆಂಟಿ, ಇಬ್ಬರೂ ಒಳಗೇ ಇದ್ದಾರೆ, ಮಾತಾಡುತ್ತಾ ಇದ್ದಾರೆ ಎಂದೆ.

ಈಗ ಎರಡು ವರ್ಷವಾಯಿತು. ಅಪ್ಪನ ಕಿವಿ ಪೂರ್ತಿ ಸರಿಯಾಗಿಲ್ಲ, ಆಗುವುದೂ ಇಲ್ಲ. ಮದುವೆಮನೆಯಲ್ಲಿ, ಮೆಟ್ರೋದಲ್ಲಿ ಅವರಿಗೆ ಇನ್ನೂ ಕಷ್ಟ. ಟಿವಿಯ ಶಬ್ದವನ್ನು ಮಿಷನ್ನಿಗೆ ಕಳಿಸಿದರೆ ತುಟಿಗಿಂತ ಮಾತು ಒಂಚೂರು ಹಿಂದೆ ಬರುತ್ತದೆ ಎಂದು, ತುಟಿ ಓದಿ ಅಭ್ಯಾಸವಾದ ಅವರಿಗೆ ಕಿರಿಕಿರಿ. ಅದಕ್ಕೆ ಲೇಟೆನ್ಸಿ ಅಂತಾರೆ ಎಂದು ನಾನು ಹೇಳಿದ ಮೇಲೆ ಕಿರಿಕಿರಿಗೆ ಒಂದು ಹೆಸರಾದರೂ ಸಿಕ್ಕಿತು ಎಂದರು. ಬೆಳಿಗ್ಗೆ ಇಬ್ಬರೂ ಮಲ್ಲತ್ತಹಳ್ಳಿ ಕೆರೆಯ ಸುತ್ತ ನಡೆಯಲು ಹೋಗುತ್ತಾರೆ. ಮೆಟ್ಟಿಲಿಗೆ ಮಂಡಿ ನೋಯುತ್ತದಾದರೂ ಸಮತಟ್ಟಿನಲ್ಲಿ ಅಪ್ಪನ ನಡಿಗೆ ಚುರುಕು, ಅಮ್ಮ ಹಿಂದೆ ಉಳಿಯುತ್ತಾಳೆ. ಹಿಂದಿನಿಂದಲೇ ಮಾತಾಡುತ್ತಾಳೆ, ಅಪ್ಪ ತಿರುಗದೆ ಉತ್ತರ ಕೊಡುತ್ತಾರೆ. ನೋಡಿದವರಿಗೆ ಅಪ್ಪ ಒಬ್ಬರೇ ಮಾತಾಡಿಕೊಂಡು ಹೋಗುತ್ತಿರುವ ಹಾಗೆ ಕಾಣುತ್ತದೆ.

ನನ್ನ ಪಾಠವೂ ಸ್ವಲ್ಪ ಬದಲಾಗಿದೆ. ವ್ಯಾಖ್ಯೆ ಬರೆಸುವುದನ್ನು ಬಿಟ್ಟಿಲ್ಲ, ಪರೀಕ್ಷೆಗೆ ಅದು ಬೇಕು. ಆದರೆ ಪ್ರತಿ ವಾರ ಒಂದು ಪದ ಕೊಟ್ಟು, ಇದನ್ನು ಮನೆಯಲ್ಲಿ ಯಾರಿಗಾದರೂ ಅರ್ಥವಾಗುವ ಹಾಗೆ ಹೇಳಿ, ಅವರು ಏನು ಕೇಳಿದರು ಎಂದು ಬರೆದುಕೊಂಡು ಬನ್ನಿ ಎನ್ನುತ್ತೇನೆ. ಮೊನ್ನೆ ಒಬ್ಬ ಹುಡುಗಿಯ ಅಜ್ಜಿ, ಪಾಸ್‌ವರ್ಡ್ ಅಷ್ಟು ಗುಟ್ಟಿನದಾದರೆ ಕಂಪ್ಯೂಟರಿಗೆ ಮಾತ್ರ ಯಾಕೆ ಹೇಳ್ತೀರಿ ಎಂದು ಕೇಳಿದ್ದರಂತೆ. ಇಡೀ ತರಗತಿ ಆ ಪ್ರಶ್ನೆಯ ಮೇಲೆ ಒಂದು ಪೀರಿಯಡ್ ಕಳೆಯಿತು.

ಕಳೆದ ಭಾನುವಾರ ಅಪ್ಪನ ಹಳೆಯ ಜೊತೆಗಾರರೊಬ್ಬರು ಮನೆಗೆ ಬಂದಿದ್ದರು. ಅದೇ ಶೆಡ್ಡಿನಲ್ಲಿ ನೇಯುತ್ತಿದ್ದವರು. ಅವರ ಕಿವಿಯೂ ಹೋಗಿದೆ, ಮಿಷನ್ನಿನ ಮಾತೆತ್ತಿದರೆ ಅವರೂ ಕೈ ಒದರುತ್ತಾರೆ. ಅಪ್ಪ ವಾದ ಮಾಡಲಿಲ್ಲ. ಎದುರಿಗೆ ಕೂತು, ಚೌಕಳಿ ಪುಸ್ತಕ ತೆರೆದು, ಬಾಯಿ ಅಲ್ಲಾಡಿಸುತ್ತ ಬೆರಳು ಎತ್ತುತ್ತ ಸದ್ದಿಲ್ಲದೆ ಒಂದೊಂದೇ ಪದ ವಿವರಿಸತೊಡಗಿದರು. ಆತ ನಡುನಡುವೆ ಪ್ರಶ್ನೆ ಕೇಳುತ್ತಿದ್ದರು, ಅದೂ ಬೆರಳಿನಲ್ಲೇ. ಅರ್ಧ ಗಂಟೆಯಾದ ಮೇಲೆ ಅಪ್ಪ ನನ್ನನ್ನು ಕರೆದರು.

"ಆ ಕ್ಲಿನಿಕ್ಕಿಗೆ ಫೋನ್ ಮಾಡಮ್ಮ. ಮಂಗಳವಾರ ಇವ್ನನ್ನ ಕರ್ಕೊಂಡು ಹೋಗ್ತೀನಿ."

ಅಮ್ಮ ಅಡುಗೆಮನೆಯಿಂದಲೇ, "ನಾನೂ ಬರ್ತೀನಿ. ಅವ್ರ ಮನೆಯವ್ರಿಗೂ ಬರೋಕೆ ಹೇಳಿ, ಅವ್ರಿಗೆ ನಾನು ಹೇಳ್ಕೊಡೋದು ಇದೆ," ಎಂದಳು. ಅಪ್ಪ ಆ ಮಾತನ್ನು ಬೆರಳಿನಲ್ಲಿ ಗೆಳೆಯನಿಗೆ ದಾಟಿಸಿದರು. ಆತ ಸ್ವಲ್ಪ ಯೋಚಿಸಿ, ತಲೆಯಾಡಿಸಿ, ತಮ್ಮ ಗಲ್ಲ ಮುಟ್ಟಿಕೊಂಡರು. ನಾನು ಕಾಫಿಗೆ ನೀರಿಡಲು ಎದ್ದೆ.